ದ್ಯೋಗಜ್ಜನ ಗುರುತು

ಅಜ್ಜಿಯ ಎಡಗೈಯ ಒಳಮೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ಒಂದು ಹಚ್ಚೆಯಿತ್ತು. ಒಂದು ಉಂಗುರ, ಉಂಗುರದೊಳಗೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ, ಉದ್ದದ ಗೆರೆ ಉಂಗುರವನ್ನು ದಾಟಿ ಕೆಳಗಿಳಿದು ಗಾಳದ ಹಾಗೆ ಬಾಗಿಕೊಂಡಿತ್ತು. ನಮ್ಮ ಮೈಬಣ್ಣದ ಮೇಲೆ ಹಚ್ಚೆ ಸುಲಭಕ್ಕೆ ಕಾಣುವುದಿಲ್ಲ. ಅಜ್ಜಿ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವಾಗ, ಬೆಂಕಿಯ ಬೆಳಕು ಒಂದು ಮಗ್ಗುಲಿನಿಂದ ಬಿದ್ದರೆ ಮಾತ್ರ, ನೀರಿನಡಿಯಿಂದ ಮೀನು ಮೇಲೆ ಬಂದ ಹಾಗೆ ಅದು ಎದ್ದು ಬರುತ್ತಿತ್ತು. ಕೈ ತಿರುಗಿದ ಕೂಡಲೇ ಮತ್ತೆ ಮುಳುಗುತ್ತಿತ್ತು. ನಾನು ಮಾತು ಕಲಿಯುವ ಮೊದಲೇ ಬೂದಿಯಲ್ಲಿ ಬೆರಳಾಡಿಸಿ ಆ ಗುರುತನ್ನು ಬರೆದಿದ್ದೆನಂತೆ. ಹಾಗೆಂದು ನನ್ನ ತಾಯಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಅದು ದ್ಯೋಗಜ್ಜನ ಗುರುತು. ದ್ಯೋಗಜ್ಜನೆಂದರೆ ನಮ್ಮ ಕೇರಿಯ ಮೊದಲ ಮನುಷ್ಯ. ನಾವು ಸಿದ್ದಿಗಳು. ನಮ್ಮ ಕೂದಲು, ತುಟಿ ನೋಡಿದವರು, "ಯಾವ ದೇಶದವರಪ್ಪ ನೀವು, ಕನ್ನಡ ಎಲ್ಲಿ ಕಲಿತಿರಿ?" ಎಂದು ಇಂದಿಗೂ ಕೇಳುತ್ತಾರೆ. "ತಾಯಿ ಹೊಟ್ಟ್ಯಾಗ," ಎಂದು ಅಜ್ಜಿ ಉತ್ತರ ಕೊಡುತ್ತಿದ್ದಳು. ಆದರೆ ದ್ಯೋಗಜ್ಜನ ತಾಯಿ ಕನ್ನಡದವಳಲ್ಲ. ಅವನು ಸಮುದ್ರದ ಆಚೆಯಿಂದ ಹಡಗಿನಲ್ಲಿ ಬಂದವನು. ಘಟ್ಟದ ಕೆಳಗಿನ ಬಂದರು ಪಟ್ಟಣದಲ್ಲಿ ಕೆಲವು ವರ್ಷ ದುಡಿದು, ಒಂದು ದಿನ ಒಬ್ಬ ಹೆಂಗಸಿನ ಕೈಹಿಡಿದು ಕಾಡು ಹತ್ತಿದವನು. ಅವನ ಬಲಭುಜದ ಮೇಲೆ ಆ ಗುರುತು ಇತ್ತಂತೆ. ಹಚ್ಚೆಯಲ್ಲ, ಚರ್ಮವೇ ಉಬ್ಬಿ ಆದದ್ದು. ಹಳ್ಳದಲ್ಲಿ ಮೀಯುವಾಗ ಮಕ್ಕಳು, "ಇದೇನಪ್ಪಾ?" ಎಂದು ಮುಟ್ಟಿ ಕೇಳಿದರೆ, "ದ್ಯೋಗ" ಎಂದಷ್ಟೇ ಹೇಳಿ ಮುಳುಗು ಹಾಕುತ್ತಿದ್ದನಂತೆ. ಅವನು ಸತ್ತಾಗ ಅವನದೆಂದು ಹೇಳಿಕೊಳ್ಳಲು ಒಂದು ಗಡಿಗೆಯೂ ಮನೆಯಲ್ಲಿ ಇರಲಿಲ್ಲ. ಮಗಳು ಮಣ್ಣು ಮುಚ್ಚುವ ಮೊದಲು ಅವನ ಭುಜವನ್ನು ಕಣ್ತುಂಬ ನೋಡಿಕೊಂಡು, ಆ ಗುರುತನ್ನು ತನ್ನ ಕೈಮೇಲೆ ಚುಚ್ಚಿಸಿಕೊಂಡಳು. ಅಂದಿನಿಂದ ಮನೆಯ ಹಿರಿಯರನ್ನು ಕರೆಯುವ ಹೆಂಗಸಿನ ಕೈಮೇಲೆ ಅದು ಇರಬೇಕೆಂದಾಯಿತು. ತಾಯಿಯಿಂದ ಮಗಳಿಗೆ, ಇಲ್ಲವೆ ಅಜ್ಜಿಯಿಂದ ಮೊಮ್ಮಗಳಿಗೆ.

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವುದು. ನಡುಮನೆಯ ಮೂಲೆಯಲ್ಲಿ ಮಣ್ಣಿನ ಕಟ್ಟೆ. ಕಟ್ಟೆಯ ಮೇಲೆ ಹಿರಿಯರೊಬ್ಬೊಬ್ಬರಿಗೆ ಒಂದೊಂದು ತೆಂಗಿನಕಾಯಿ. ಮೇಲೆ ಗೋಡೆಯಲ್ಲಿ ಶಿಲುಬೆ. ಪಾದ್ರಿ ಮನೆಗೆ ಬಂದಾಗ ತೆಂಗಿನಕಾಯಿಗಳ ಮೇಲೊಂದು ಕೌದಿ ಬೀಳುತ್ತಿತ್ತು. ಕೌದಿಯ ಅಡಿಯಲ್ಲಿ ಏನಿದೆಯೆಂದು ಪಾದ್ರಿಯೂ ಕೇಳುತ್ತಿರಲಿಲ್ಲ. ಹೀಗೆ ಎಲ್ಲರ ಮರ್ಯಾದೆಯೂ ಉಳಿದಿತ್ತು. ಅಜ್ಜಿ ಒಂದೊಂದೇ ಕಾಯಿಯನ್ನೆತ್ತಿ, ಹೆಸರು ಹಿಡಿದು ಕರೆಯುತ್ತಿದ್ದಳು. ಹೆಸರು ಹಿಡಿದು ಕರೆಯದಿದ್ದರೆ ಹಿರಿಯರು ಬರುವುದಿಲ್ಲ. ಮೊದಲ ಕಾಯಿ ದ್ಯೋಗಜ್ಜನದು. ಅವನು ಬಂದರೆ ಉಳಿದವರು ಅವನ ಬೆನ್ನು ಹಿಡಿದು ಸಾಲಾಗಿ ಬರುವರು; ಅವನು ಬರದಿದ್ದರೆ ಯಾರೂ ಇಲ್ಲ.

ಅವನು ಬರುತ್ತಿದ್ದುದು ಇನಾಸಮಾಮನ ಮೈಮೇಲೆ. ಇನಾಸಮಾಮ ನನ್ನ ತಾಯಿಯ ಅಣ್ಣ, ಅಜ್ಜಿಯ ಒಬ್ಬನೇ ಮಗ. ಬೆಕ್ಕಿನ ಕಣ್ಣಿನವನು, ಇರುವೆಯ ಸಾಲು ಅಡ್ಡ ಬಂದರೆ ನಿಂತು, ದಾರಿ ನೋಡಿ ದಾಟುವಂಥವನು. ದಮಾಮಿ ಬಾರಿಸತೊಡಗಿ, ನಮ್ಮ ಆ ಎರಡು ಮುಖದ ಡೋಲಿನ ಬಡಿತ ಎದೆಗೆ ಇಳಿದ ಮೇಲೆ, ಅವನು ಬೇರೆಯೇ ಆಗುತ್ತಿದ್ದ. ಎದೆ ಸೆಟೆಸಿ ನಿಲ್ಲುತ್ತಿದ್ದ. ನೆಲದ ಮೇಲೆ ಕೂರಲು ಒಪ್ಪದೆ ಕುರ್ಚಿ ಕೇಳುತ್ತಿದ್ದ. ನಮ್ಮ ಮನೆಯಲ್ಲಿ ಕುರ್ಚಿ ಎಲ್ಲಿಂದ ಬರಬೇಕು? ಭತ್ತದ ಚೀಲದ ಮೇಲೆ ಕೂರಿಸುತ್ತಿದ್ದರು. ಕುಡಿಯಲು ಸೆರೆ ತಡವಾದರೆ ಬಟ್ಟಲು ಒದೆಯುತ್ತಿದ್ದ. ಹತ್ತಿರ ಬಂದ ಹುಡುಗರ ಕೆನ್ನೆಗೆ ಹೊಡೆಯುತ್ತಿದ್ದ. ಹೊಡೆಸಿಕೊಂಡವರು ಹೆಮ್ಮೆಯಿಂದ ಕೆನ್ನೆ ಸವರಿಕೊಳ್ಳುತ್ತಿದ್ದರು. "ನಮ್ಮ ಅಜ್ಜ ಅಂದ್ರ ಏನಂತ ತಿಳಿದೀರಿ, ಅಂವ ರಾಜಾ ಇದ್ದಾಂವ," ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದೆವು.

ನನ್ನ ಮದುವೆ ಗೊತ್ತಾದ ವರ್ಷ ಅಜ್ಜಿ, "ಇನ್ನ ನನ್ನ ದನಿ ಸಣ್ಣಾಗೇತಿ, ಈ ಸಲ ನೀ ನನ್ನ ಬಾಜೂಕ ಕುಂತು ಕರೀಬೇಕು," ಎಂದಳು. ಕರೆಯಬೇಕಾದರೆ ಕೈಮೇಲೆ ಗುರುತು ಬೇಕು. ಹಚ್ಚೆ ಹಾಕುವ ಸುಂಕವ್ವ ಸಂತೆಯ ದಿನ ಬಂದರಿನಲ್ಲಿ ಕೂರುತ್ತಾಳೆಂದು ಯಾರೋ ಹೇಳಿದರು. ಅಜ್ಜಿ ಬಂದರಿನ ಕಡೆ ಎಂದೂ ಹೋದವಳಲ್ಲ. ದ್ಯೋಗಜ್ಜ ಬಿಟ್ಟು ಬಂದ ಊರಿಗೆ ನಾವು ತಿರುಗಿ ಹೋಗಬಾರದೆಂಬ ಮಾತು ನಮ್ಮಲ್ಲಿತ್ತು. ಆದರೆ ಘಟ್ಟದ ಮೇಲೆ ಹಚ್ಚೆಯವರು ಬರುವುದು ಆಗಲೇ ನಿಂತುಹೋಗಿತ್ತು. "ಮೊಮ್ಮಗಳ ಕೈ ಖಾಲಿ ಇಡಾಕ ಆಗ್ತದೇನ," ಎಂದು ಅಜ್ಜಿ ಹೊರಟಳು.

ಸುಂಕವ್ವ ಕೊರವರ ಹೆಂಗಸು. ಬಾಯಲ್ಲಿ ಸದಾ ಎಲೆಯಡಿಕೆ, ಮಡಿಲಲ್ಲಿ ಸೂಜಿಯ ಕಟ್ಟು. ನನ್ನ ಕೈಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು.

"ನಿಮ್ಮ ಮೈಮ್ಯಾಲೆ ಹಚ್ಚಿ ಹಾಕೂದಂದ್ರ ಅಮಾಸಿಗೆ ಕಾಡಿಗಿ ಹಚ್ಚಿದಂಗ ನೋಡಬೇ."

"ಸೂಜಿ ಮೊಂಡಾಗೇತಿ ಅಂತ ಹೇಳು," ಎಂದಳು ಅಜ್ಜಿ. "ನಮ್ಮ ಬಣ್ಣಕ್ಕ ಯಾಕ ಹೆಸರಿಡ್ತಿ?"

ಸುಂಕವ್ವ ನಕ್ಕು, "ಆತಬೇ, ಏನ್ ಬರೀಲಿ ಹೇಳು. ತೊಟ್ಟಲಾ? ಚೇಳಾ? ಗಂಡನ ಹೆಸರಾ?" ಎಂದಳು.

ಅಜ್ಜಿ ತನ್ನ ಕೈಯನ್ನು ಚಾಚಿದಳು. ಸುಂಕವ್ವ ಬಗ್ಗಿ ನೋಡಿದಳು. ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಮತ್ತೊಮ್ಮೆ ನೋಡಿದಳು. ಆಮೇಲೆ ಜೋರಾಗಿ ನಗತೊಡಗಿದಳು.

"ಅಯ್ಯ ನಿನ್ನ, ಇದು ಗೋದಾಮಿನ ಸಿಕ್ಕಾ ಅಲ್ಲೇನ! ನಿನ್ನ ಮೊಮ್ಮಗಳೇನ್ ಬೆಲ್ಲದ ಮೂಟಿ ಏನಬೇ, ಹಿಂಗ ಸಿಕ್ಕಾ ಹೊಡಸಾಕ?"

"ಯಾವ ಗೋದಾಮು?" ಎಂದಳು ಅಜ್ಜಿ.

"ಅಕಾ, ಅಲ್ಲಿ. ಬಿಸಲಾದ್ರ ನಾ ಅದರ ನೆರಳಿಗೇ ಹೋಗಿ ಕುಂದರಾಕಿ. ಬಾಗಲದ ಮ್ಯಾಲೆ ಇಷ್ಟ ದೊಡ್ಡದು ಕೆತ್ತ್ಯಾರ. ನೋಡಿಕೊಂಡು ಬರ್ರಿ, ಅಲ್ಲೀತನ ನಾ ಮಸಿ ಕಲಸತೀನಿ."

ಗೋದಾಮು ದಂಡೆಗೆ ಬೆನ್ನು ಹಾಕಿ ನಿಂತಿತ್ತು. ಬಂದರು ಹೂಳು ತುಂಬಿ ಹಡಗುಗಳು ಬರುವುದು ಎಂದೋ ನಿಂತಿತ್ತಾದ್ದರಿಂದ ಅದರೊಳಗೆ ತೆಂಗಿನ ನಾರಿನ ಹಗ್ಗದ ಸುರುಳಿಗಳಿದ್ದವು. ಕರಿಗಲ್ಲಿನ ಬಾಗಿಲವಾಡ. ಅದರ ಮೇಲೆ, ನಡುಮಧ್ಯದಲ್ಲಿ, ಉಂಗುರ. ಉಂಗುರದೊಳಗೆ ಅಡ್ಡಗೆರೆ, ಉದ್ದಗೆರೆ. ಕೆಳಗೆ ಗಾಳದ ಬಾಗು. ನನ್ನ ಅಜ್ಜಿಯ ಕೈಮೇಲೆ ಬೆಂಕಿಯ ಬೆಳಕಿಗೆ ಮಾತ್ರ ಕಾಣಿಸಿಕೊಳ್ಳುತ್ತಿದ್ದದ್ದು ಇಲ್ಲಿ ಹಗಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ಬುಟ್ಟಿಯಷ್ಟು ದೊಡ್ಡದಾಗಿ ಇತ್ತು. ಮೊದಲು ನನಗೆ ಹೆಮ್ಮೆಯೇ ಆಯಿತು. ಮನುಷ್ಯನ ಬುದ್ಧಿ ಹಾಗೆ. ನಮ್ಮ ಅಜ್ಜನಿಗೆ ಇಷ್ಟು ದೊಡ್ಡ ಮನೆಯಿತ್ತೇ ಎಂದುಕೊಂಡೆ.

ಬಾಗಿಲಲ್ಲಿ ಕೂತು ಹಗ್ಗ ಹೊಸೆಯುವವರನ್ನು ನೋಡಿಕೊಳ್ಳುತ್ತಿದ್ದ ಮುದುಕ ನಮ್ಮನ್ನು ಕರೆದು ನೀರು ಕೊಟ್ಟ. ಮಂಗೇಶ ಕಾಮತಿ ಎಂದು ಅವನ ಹೆಸರು. ಒಳ್ಳೆಯ ಮನುಷ್ಯ; ಬೆಲ್ಲವಿಲ್ಲದೆ ನೀರು ಕೊಡಬಾರದೆಂದು ಒಳಗೆ ಹೋಗಿ ಬೆಲ್ಲ ತಂದ.

"ಈ ಗುರುತು ಯಾರದು ರೀ?" ಎಂದು ಕೇಳಿದಳು ಅಜ್ಜಿ.

"ಇದಾ? ಹಳೇ ಧಣಿಗಳದ್ದು ಮಾರಾಯ್ತಿ. ದ್ಯೋಗ ಧಣಿ ಅಂತ. ಪರಂಗಿಯವ. ಒಂದು ಕಾಲದಲ್ಲಿ ಇಡೀ ಬಂದರು ಅವಂದೇ ಅಂತೆ. ಅವನ ಹಡಗಿನಲ್ಲಿ ಏನು ಬರ್ಲಿ, ಕುದುರೆ ಬರ್ಲಿ, ಕಬ್ಬಿಣ ಬರ್ಲಿ, ಎಲ್ಲದಕ್ಕೂ ಈ ಮುದ್ರೆ. ಕಳವಾದ್ರೂ ಯಾರ ಮಾಲು ಅಂತ ಗೊತ್ತಾಗ್ಬೇಕಲ್ಲ. ಮುದ್ರೆಯ ಕಬ್ಬಿಣ ಇನ್ನೂ ಉಂಟು ಇಲ್ಲಿ." ಅವನು ಕಾಲಿನಿಂದಲೇ ಬಾಗಿಲ ಸಂದಿಯತ್ತ ತೋರಿಸಿದ. ಗಾಳಿಗೆ ಕದ ಬಡಿದುಕೊಳ್ಳದಂತೆ ಒತ್ತಾಗಿಟ್ಟಿದ್ದ ಒಂದು ಕಬ್ಬಿಣದ ಸಲಾಕೆ. ಅದರ ತುದಿಯಲ್ಲಿ ನನ್ನ ಹೆಬ್ಬೆರಳು ತೋರುಬೆರಳು ಕೂಡಿಸಿದಷ್ಟು ಉಂಗುರ.

"ಕಾಯಿಸಿ ಒತ್ತೂದೇನ್ರಿ?"

"ಹೌದು, ಕೆಂಡದಲ್ಲಿ. ಕುದುರೆಗೆ ತೊಡೆ ಮೇಲೆ. ಜನಕ್ಕೆ ಭುಜದ ಮೇಲೆ."

"ಜನಕ್ಕ?"

"ಜನಾನೂ ತರ್ತಿದ್ರಲ್ಲ. ಹಬಶಿಗಳನ್ನ. ಸಮುದ್ರದ ಆಚೆ ದಂಡೆಯಿಂದ ಹಿಡಿದು ತಂದು ಮಾರುದು. ನಮ್ಮ ಅಜ್ಜ ಹೇಳ್ತಿದ್ರು, ಈ ಕಡೆ ಬಂದದ್ದು ಕಮ್ಮಿಯಂತೆ. ಹೆಚ್ಚಿನ ಹಡಗೆಲ್ಲ ಪಡುವಲಕ್ಕೆ, ಇನ್ನೊಂದು ದೊಡ್ಡ ಸಮುದ್ರ ದಾಟಿ ಹೋಗ್ತಿದ್ದವಂತೆ, ಕಬ್ಬಿನ ತೋಟಗಳಿಗೆ. ಒಂದೇ ಮನೆಯವರನ್ನ ಹಿಡಿದು, ಅಣ್ಣ ಆ ಹಡಗಿಗೆ, ತಮ್ಮ ಈ ಹಡಗಿಗೆ ಅಂತ..."

ಅಷ್ಟು ಹೇಳಿ ಕಾಮತಿ ನಮ್ಮ ಮುಖ ನೋಡಿದ. ಆಗಷ್ಟೇ ನೋಡಿದವನಂತೆ ನೋಡಿದ. ಬೆಲ್ಲದ ತಟ್ಟೆಯನ್ನು ಕೆಳಗಿಡಲೋ ಮುಂದೆ ಚಾಚಲೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ಅಜ್ಜಿ ಒಂದು ಚೂರು ಬೆಲ್ಲ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. "ನಿಮ್ಮ ತಪ್ಪಲ್ಲ ಬಿಡ್ರಿ, ಕೇಳಿದಾಕಿ ನಾನು," ಎಂದು ಹೇಳಿ ಎದ್ದಳು. ಏಳುವಾಗ ಸೆರಗನ್ನು ಎಳೆದು ಎಡಗೈಯ ಮೇಲೆ ಹೊದ್ದುಕೊಂಡಳು. ಆ ಕೈಯನ್ನು ಅವಳು ಮುಚ್ಚಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸುಂಕವ್ವ ಮಸಿ ಕಲಸಿ ಕಾಯುತ್ತಿದ್ದಳು. "ಕುಂದರ ಮಗಳ," ಎಂದು ಮಣೆ ಸರಿಸಿದಳು.

"ಬ್ಯಾಡ," ಎಂದಳು ಅಜ್ಜಿ.

"ಯಾಕಬೇ, ನಾ ನಕ್ಕದ್ದಕ್ಕ ಸಿಟ್ಟಾದೇನ?"

"ಇಲ್ಲ ಸುಂಕವ್ವ. ನೀ ನಕ್ಕದ್ದು ಚಲೋ ಆತು."

ಘಟ್ಟ ಹತ್ತುವಾಗ ಅಜ್ಜಿ ನನ್ನ ಮುಂದೆ ಮುಂದೆ ನಡೆದಳು. ಮೊದಲ ತಿರುವಿನ ಕಲ್ಲಿನ ಮೇಲೆ ಕೂತು ಉಸಿರು ಬಿಟ್ಟಳು. ಕೆಳಗೆ ಸಮುದ್ರ, ಏನೂ ತಿಳಿಯದ ಹಾಗೆ, ಹಾಸಿಕೊಂಡಿತ್ತು.

"ಅಜ್ಜಿ, ನಮ್ಮ ಅಜ್ಜ ಯಾಕ ತನ್ನ ಹೆಸರು ಹೇಳಲಿಲ್ಲ?" ಎಂದು ನಾನು ಕೇಳಿದೆ.

"ಮಕ್ಕಳು ಅವನ ಹೆಸರು ಎಲ್ಲಿ ಕೇಳಿದ್ವು? ಭುಜ ಮುಟ್ಟಿ ಇದೇನು ಅಂದ್ವು. ಇದು ಯಾರದೋ ಅದನ್ನ ಅಂವ ಹೇಳಿದ." ಸಮುದ್ರದತ್ತಲೇ ನೋಡುತ್ತ ಹೇಳಿದಳು: "ಬದುಕಿದ್ದಾಗ ಅಂವ ಧಣಿಯ ಬಾಗಲ ಹೊರಗ ನಿಂತು ಉಂಡಾಂವ. ಸತ್ತಮ್ಯಾಲೂ ನಾವು ಒಳಗ ಧಣೀನ್ನ ಕರದು ಮೊದಲ ಎಡಿ ಹಾಕೀವಿ. ಇವ ಇನ್ನೂ ಹೊರಗೇ ನಿಂತಾನ. ಇಷ್ಟು ವರ್ಷ. ಕೋಳಿಸಾರಿನ ವಾಸನಿ ಕುಡಕೊಂತ."

ಅಕ್ಕಿಯಲ್ಲಿ ಕಲ್ಲು ಸಿಕ್ಕಿತು ಎನ್ನುವ ಹಾಗೆ ಹೇಳಿದಳು. ಅದಕ್ಕೇ ನನಗೆ ಭಯವಾಯಿತು.

ಮನೆಯಲ್ಲಿ ಸುದ್ದಿ ಕೇಳಿ ಇನಾಸಮಾಮ ಒಪ್ಪಲಿಲ್ಲ.

"ಗೋದಾಮಿನ ಮ್ಯಾಲೆ ಇದ್ರ ಇರಲಿ ಅವ್ವಾ. ಅಜ್ಜನೇ ಅದನ್ನ ಕಟ್ಟಿಸಿದ್ದಾನು."

"ಕಟ್ಟಿಸಿದಾಂವ ಬರಿಗಾಲಾಗ ಕಾಡಿಗೆ ಓಡಿಬಂದ್ನೇನೋ?"

ಮಾಮನ ಹೆಂಡತಿ ರೆಮೆಂದಿಮಾಮಿ ಒಲೆಯ ಬಳಿಯಿಂದ ತಲೆಯೆತ್ತಿ, "ಹಂಗಾದ್ರ ಇಷ್ಟು ವರ್ಷ ನಾ ಕೊಯ್ದ ಕೋಳಿ ತಿಂದಾಂವ ಯಾರು?" ಎಂದಳು.

"ನಿನ್ನ ಗಂಡ," ಎಂದಳು ಅಜ್ಜಿ.

ಎಲ್ಲರೂ ನಕ್ಕೆವು. ಮಾಮ ಮಾತ್ರ ನಗಲಿಲ್ಲ. ಅವನಿಗೆ ವರ್ಷಕ್ಕೊಮ್ಮೆ ಸಿಗುತ್ತಿದ್ದ ಆ ಗತ್ತು, ಭತ್ತದ ಚೀಲದ ಮೇಲೆ ಕೂರುವುದು, ಉಳಿದ ದಿನಗಳಲ್ಲಿ ಯಾರ ಮುಂದೂ ಏರದ ಅವನ ದನಿ, ಎಲ್ಲ ಆ ಹೆಸರಿನೊಳಗಿತ್ತು. ಅದನ್ನು ಕಿತ್ತುಕೊಂಡರೆ ಅವನಿಗೆ ಏನು ಉಳಿಯುತ್ತಿತ್ತು?

"ಅವ್ವಾ, ಹೆಸರು ಹಿಡದು ಕರೀದಿದ್ರ ಹಿರಿಯರು ಬರೂದಿಲ್ಲ ಅಂತ ಹೇಳಿದಾಕಿ ನೀನ. ಹೆಸರಿಲ್ಲದಾವನ್ನ ಏನಂತ ಕರೀತಿ? ಅಂವ ಬರಲಿಲ್ಲಂದ್ರ ಅಪ್ಪನೂ ಬರೂದಿಲ್ಲ, ಸತ್ತ ನನ್ನ ಕೂಸೂ ಬರೂದಿಲ್ಲ. ಒಬ್ಬಾವನ ಸಲುವಾಗಿ ಎಲ್ಲಾರನೂ ಉಪವಾಸ ಕೆಡವತೀಯೇನ?"

ಆ ಮಾತಿಗೆ ಮಾಮಿಯ ಕೈಯಲ್ಲಿನ ಸೌಟು ನಿಂತಿತು. ಅವಳ ಕೂಸಿನದು ಕಟ್ಟೆಯ ತುದಿಯಲ್ಲಿದ್ದ ಸಣ್ಣ ಕಾಯಿ. ಆಗ ಅಜ್ಜಿ ಹೇಳಿದ್ದು ನನಗೆ ಇವತ್ತಿಗೂ ಅಕ್ಷರಕ್ಷರವೂ ನೆನಪಿದೆ.

"ನಾ ಇನ್ನ ಭಾಳ ದಿನ ಇರಾಕಿ ಅಲ್ಲ ಇನಾಸ. ನಾಳೆ ಸತ್ತು ಆ ಕಟ್ಟಿಮ್ಯಾಲೆ ನನ್ನ ಜಾಗಾಕ್ಕ ಹೋದ್ರ, ಮೊದಲನೇ ಜಾಗಾದಾಗ ಅಂವ ಕುಂತಿರ್ತಾನ. ಕುರ್ಚಿ ತಾ ಅಂತಾನ, ಕಾಲ ಒತ್ತು ಅಂತಾನ. ಅಲ್ಲೂ ಆಳಾಗಿ ಇರ್ಲೇನು? ನೀ ನಿನ್ನ ಕೈಯಾರೆ ನನ್ನ ಅಲ್ಲಿಗೆ ಕಳಸ್ತೀಯೇನು?"

ಮಾಮ ತಲೆ ತಗ್ಗಿಸಿದ. ಸಣ್ಣ ದನಿಯಲ್ಲಿ, "ನನ್ನ ಕಣ್ಣು ನೋಡವ್ವಾ," ಎಂದ. "ಇದು ನಮ್ಮವರ ಕಣ್ಣಲ್ಲ. ಆ ಧಣಿಯ ರಕ್ತನೂ ನಮ್ಮಾಗ ಇದ್ದೀತು."

"ಇದ್ರ ಇರಲಿ," ಎಂದಳು ಅಜ್ಜಿ. "ರಕ್ತ ಇದ್ದಾಂವೆಲ್ಲ ಹಿರ್ಯಾ ಆಗೂದಿಲ್ಲ. ನಮ್ಮನ್ನ ಹೊತಗೊಂಡು ಕಾಡು ಹತ್ತಿದಾಂವ ಹಿರ್ಯಾ."

ಮಾಮ ಎದ್ದು ಹೊರಗೆ ಹೋದ. ಎಡೆಯ ದಿನ ಬರುವವರೆಗೂ ಅವರಿಬ್ಬರೂ ಮಾತಾಡಲಿಲ್ಲ.

ಎಡೆಯ ದಿನ ಹೊತ್ತು ಇಳಿಯುವ ಮೊದಲೇ ಕೇರಿಯವರೆಲ್ಲ ಸೇರಿದರು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಮಾಮ ಒಳಗೆ ಬರದೆ ಅಂಗಳದ ತುದಿಯಲ್ಲಿ, ಕಟ್ಟಿಗೆಯ ರಾಶಿಯ ಬಳಿ, ಬೀಡಿ ಸೇದುತ್ತ ನಿಂತಿದ್ದ. ಅಜ್ಜಿ ಭತ್ತದ ಚೀಲವನ್ನು ಕಟ್ಟೆಯ ಬಳಿಯಿಂದ ಎತ್ತಿಸಿ ಹಿಂದಕ್ಕೆ ಹಾಕಿಸಿದಳು. ಪ್ರತಿವರ್ಷ ಮೊದಲ ಕಾಯಿಯ ಮುಂದೆ ಅಕ್ಕಿಹಿಟ್ಟಿನಲ್ಲಿ ಆ ಗುರುತನ್ನು ಬರೆಯುತ್ತಿದ್ದಳು. ಈ ಸಲ ಸಗಣಿ ಸಾರಿಸಿದ ನೆಲವನ್ನು ಹಾಗೆಯೇ ಬಿಟ್ಟಳು. ನನ್ನತ್ತ ತಿರುಗಿ, "ಎತ್ತು," ಎಂದಳು.

"ನನ್ನ ಕೈಮ್ಯಾಲೆ ಏನೂ ಇಲ್ಲಜ್ಜಿ."

"ಅದಕ್ಕ ಎತ್ತು ಅಂದೆ."

ನಾನು ಮೊದಲ ಕಾಯಿಯನ್ನು ಎತ್ತಿ ಹಿಡಿದೆ. ಅಜ್ಜಿ ಎಲೆಯ ಮೇಲೆ ಅನ್ನ, ಕೋಳಿಸಾರು ಬಡಿಸಿಕೊಂಡು ಬಾಗಿಲಿಗೆ ನಡೆದಳು. ಎಡೆಯನ್ನು ಹೊಸ್ತಿಲಾಚೆ ಒಯ್ಯುವುದು ನಮ್ಮಲ್ಲಿ ಇರಲಿಲ್ಲ. ಗುಂಪಿನಲ್ಲಿ ಯಾರೋ, "ಏ ಕತ್ರಿನಕ್ಕಾ!" ಎಂದು ಅಜ್ಜಿಯ ಹೆಸರು ಹಿಡಿದು ತಡೆಯಲು ಹೋದರು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಹೊಸ್ತಿಲು ದಾಟಿ ನಿಂತು, ನೆರೆಮನೆಯವರನ್ನು ಊಟಕ್ಕೆ ಕರೆಯುವಷ್ಟೇ ದನಿಯಲ್ಲಿ ಕರೆದಳು.

"ಅಜ್ಜಾ, ನಿನ್ನ ಹೆಸರು ನಮಗ ಗೊತ್ತಿಲ್ಲ. ತಿಳೀಲಾರದಕ್ಕ ಇನ್ನೊಬ್ಬಾವನ ಹೆಸರು ಹಿಡದು ಕರದ್ವಿ. ನಿಮ್ಮವ್ವ ನಿನ್ನ ಏನಂತ ಕರೀತಿದ್ಲೋ, ನಾ ಅದನ್ನ ಕರದೆ ಅಂತ ತಿಳಕೊ. ಭಾಳ ದಿನ ಹೊರಗ ನಿಂತೀ. ಒಳಗ ಬಾ. ಆ ಇನ್ನೊಂದು ಹಡಗು ಹತ್ತಿ ಹೋದ ನಿಮ್ಮಣ್ಣ ತಮ್ಮಂದಿರು, ಅಕ್ಕ ತಂಗೇರು ಎಲ್ಲೇ ಇರಲಿ, ನನ್ನ ದನಿ ಕೇಳಿಸಿದ್ರ ಅವರನ್ನೂ ಕರಕೊಂಡು ಬಾ. ಅನ್ನ ಬೇಕಾದಷ್ಟು ಐತಿ."

ದಮಾಮಿ ಶುರುವಾಯಿತು. ನಾವು ಕಾದೆವು. ಬಾರಿಸುವವರ ಕೈ ಸೋತು ಬೇರೆಯವರು ತೆಗೆದುಕೊಂಡರು. ಬಾಗಿಲಲ್ಲಿ ಬೆಳಕು ಹಳದಿಯಿಂದ ಬೂದುಬಣ್ಣಕ್ಕೆ ತಿರುಗಿತು. ನಾನು ಕಾಯಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ಯಾರ ಮೈಯೂ ಅದುರಲಿಲ್ಲ, ಯಾರೂ ಕೂಗಲಿಲ್ಲ. ರೆಮೆಂದಿಮಾಮಿ ಕಟ್ಟೆಯ ತುದಿಯ ಸಣ್ಣ ಕಾಯಿಯನ್ನೇ ನೋಡುತ್ತ ಸೆರಗಿನ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಅಜ್ಜಿ ಎಲೆ ಹಿಡಿದು ಹೊಸ್ತಿಲಾಚೆ ಹಾಗೆಯೇ ನಿಂತಿದ್ದಳು. ಅವಳ ಬೆನ್ನು ಅಷ್ಟು ಚಿಕ್ಕದೆಂದು ನಾನು ಗಮನಿಸಿದ್ದು ಆಗಲೇ.

ಆಗ ಕಟ್ಟಿಗೆಯ ರಾಶಿಯ ಬಳಿಯಿಂದ ಇನಾಸಮಾಮ ನಡೆದು ಬಂದ. ಎದೆ ಸೆಟೆದಿರಲಿಲ್ಲ. ಒಂದೊಂದು ಹೆಜ್ಜೆಗೂ ನೆಲ ಗಟ್ಟಿಯಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವವನ ಹಾಗೆ ಬಂದ. ಅಜ್ಜಿಯ ಮುಂದೆ ನಿಂತು ಎಲೆಯನ್ನು ನೋಡಿದ, ಅವಳ ಮುಖ ನೋಡಿದ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ತಲೆ ತಗ್ಗಿಸಿ ಹೊಸ್ತಿಲು ದಾಟಿದ. ಭತ್ತದ ಚೀಲದ ಕಡೆ ತಿರುಗಲೂ ಇಲ್ಲ. ಎಲ್ಲರ ಹಿಂದೆ, ಗೋಡೆಗೆ ಅಂಟಿಕೊಂಡು, ಬರಿನೆಲದ ಮೇಲೆ ಕೂತ. ಅವನಾಗಿಯೇ ಬಂದನೋ, ಅವನ ಮೈಮೇಲೆ ಯಾರಾದರೂ ಬಂದರೋ, ಆಮೇಲೆ ಅವನು ಬದುಕಿದ್ದಷ್ಟು ವರ್ಷವೂ ನಾನು ಕೇಳಲಿಲ್ಲ. ಕೇಳುವ ಮಾತಲ್ಲ ಅದು.

ಅಜ್ಜಿ ಎಲೆಯನ್ನು ಅವನ ಮುಂದಿಟ್ಟು, "ಉಣ್ಣಪ್ಪಾ," ಎಂದಳು.

ದಮಾಮಿ ತಾನಾಗಿ ಮೆಲ್ಲಗಾಯಿತು. ಅವನು ಉಂಡ. ಅವಸರವಿಲ್ಲದೆ, ಒಂದು ಅಗುಳೂ ಬಿಡದೆ, ಎಲೆಯ ಮೇಲೆ ಸಾರಿನ ಗುರುತೂ ಇಲ್ಲದ ಹಾಗೆ ಉಂಡ. ಉಂಡಾದ ಮೇಲೆ ಅವನು ಖಾಲಿ ಎಲೆಯನ್ನು ನೋಡುತ್ತ ಬಹಳ ಹೊತ್ತು ಇದ್ದ. ಆಮೇಲೆ, ಬೈದಾರು ಎಂಬ ಅಂಜಿಕೆಯಿರುವ ಮಗುವಿನ ಹಾಗೆ, ಬಲಗೈಯನ್ನು ಮೆಲ್ಲಗೆ ಮುಂದೆ ಚಾಚಿ ಅಂಗೈ ಮೇಲೆ ಮಾಡಿದ.

ಅಜ್ಜಿ ಅನ್ನದ ಗಡಿಗೆಯನ್ನೇ ಎತ್ತಿ ತಂದು ಅವನ ಪಕ್ಕದಲ್ಲಿ ಕೂತಳು.